ಎರಡನೆಯ ಕೋವಿ



ಮೊಲ ಹೊಡೆಯಲು ಹೊರಟವನಿಗೆ ಎರಡು ಕೋವಿ ಯಾಕೆ? ಕಾಡುಕೋಳಿಗೋ ಮೊಲಕ್ಕೋ ಒಂದು ಈಡು ಸಾಕು. ತಪ್ಪಿದರೆ ಕೋಳಿ ಹಾರಿಹೋಗುತ್ತದೆ, ಮೊಲ ಪೊದೆಗೆ ನುಗ್ಗುತ್ತದೆ, ಎರಡನೆಯ ಈಡಿಗೆ ಅದು ಕಾಯುವುದಿಲ್ಲ. ಆದರೂ ಹಿಂದಿನ ಕಾಲದಲ್ಲಿ ಸಣ್ಣ ಬೇಟೆಗೆ ಹೊರಟ ಅನುಕೂಲಸ್ಥರ ಹಿಂದೆ ಇನ್ನೊಂದು ಕೋವಿ ಹೆಗಲಿಗೇರಿಸಿಕೊಂಡ ಒಬ್ಬ ಆಳು ನಡೆಯುತ್ತಿದ್ದ. ಇದನ್ನು ಜಂಬವೆಂದು ತಳ್ಳಿಹಾಕುವುದು ಸುಲಭ. ಜಂಬವೂ ಇತ್ತೆನ್ನಿ. ಆದರೆ ಆ ಎರಡನೆಯ ಕೋವಿಗೆ ಜಂಬಕ್ಕಿಂತ ಗಟ್ಟಿಯಾದ ಕಾರಣವೊಂದಿತ್ತು, ಅದಕ್ಕೊಂದು ಚರಿತ್ರೆಯೂ ಇದೆ. ಆ ಚರಿತ್ರೆ ನಮ್ಮ ಪಯಸ್ವಿನಿಯ ಈ ದಡದಿಂದ ಕೊಡಗಿನ ಬೆಟ್ಟಕ್ಕೆ ಹತ್ತಿ, ದೆಹಲಿಯ ಪಾರ್ಲಿಮೆಂಟಿನವರೆಗೂ ಹೋಗುತ್ತದೆ.

ಮೊದಲು ಮಾತಿನಿಂದಲೇ ಆರಂಭಿಸೋಣ. ನಮ್ಮ ಕಡೆ ತುಳುವಿನಲ್ಲೂ ಹವ್ಯಕರ ಮನೆಮಾತಿನಲ್ಲೂ ಕೋವಿಗೆ ಬೆಡಿ ಎನ್ನುತ್ತಾರೆ. ಕುಂಬಳೆ ಗೋಪಾಲಕೃಷ್ಣ ದೇವಸ್ಥಾನದ ಜನವರಿ ತಿಂಗಳ ಉತ್ಸವದಲ್ಲಿ ಸುಡುವ ಮದ್ದಿಗೂ ಬೆಡಿಯೆಂದೇ ಹೆಸರು. ಕುಂಬಳೆ ಬೆಡಿ ಎಂದರೆ ಊರೂರಿನಿಂದ ಜನ ಸೇರುವುದು ನಿಮಗೆ ಗೊತ್ತೇ ಇದೆ. ದೇವರ ಎದುರು ಸಿಡಿಯುವುದಕ್ಕೂ ಹಂದಿಯ ಎದುರು ಸಿಡಿಯುವುದಕ್ಕೂ ಒಂದೇ ಶಬ್ದ ಬಂದುದರಲ್ಲಿ ಆಶ್ಚರ್ಯವಿಲ್ಲ, ಎರಡರ ಹೊಟ್ಟೆಯಲ್ಲೂ ಇರುವುದು ಅದೇ ಕರಿ ಮದ್ದು: ಪೆಟ್ಲುಪ್ಪು, ಇದ್ದಿಲು, ಗಂಧಕ. ನೂರು ಪಾಲಿನಲ್ಲಿ ಸುಮಾರು 75 ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಇನ್ನು ಕೇಪಿನ ಕೋವಿ ಎನ್ನುತ್ತೇವಲ್ಲ, ಆ ಕೇಪು ಇಂಗ್ಲಿಷಿನ ಕ್ಯಾಪ್ ಶಬ್ದವೇ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಯುರೋಪಿನಲ್ಲಿ ಬಂದ ಈ ಪುಟ್ಟ ತಾಮ್ರದ ಟೊಪ್ಪಿ, ಅದಕ್ಕಿಂತ ಮೊದಲಿದ್ದ ಬತ್ತಿಯ ಕೋವಿಯನ್ನೂ ಚಕಮಕಿ ಕಲ್ಲಿನ ಕೋವಿಯನ್ನೂ ಮೂಲೆಗೆ ಸರಿಸಿತು.

ಈ ಕೇಪಿನ ಕೋವಿಗೆ ಈಡು ಹಾಕುವ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಎರಡನೆಯ ಕೋವಿಯ ಗುಟ್ಟು ಅಲ್ಲೇ ಇದೆ. ಕೋವಿಯನ್ನು ನೆಟ್ಟಗೆ ನಿಲ್ಲಿಸಿ ನಳಿಗೆಯ ಬಾಯಿಯಿಂದ ಅಳತೆಯ ಮದ್ದು ಸುರಿಯಬೇಕು. ಅದರ ಮೇಲೆ ತೆಂಗಿನ ನಾರನ್ನೋ ಹಳೆ ಬಟ್ಟೆಯನ್ನೋ ಉಂಡೆ ಮಾಡಿ ತುರುಕಿ, ಗಜವೆಂಬ ಸರಳಿನಿಂದ ಜಡಿಯಬೇಕು. ಜಡಿಯುವುದು ಸಡಿಲವಾದರೆ ಈಡಿಗೆ ಬಲವಿಲ್ಲ. ಮತ್ತೆ ಚರೆ ಅಥವಾ ಗುಂಡು. ಅದು ಉರುಳಿ ಹೊರಗೆ ಬೀಳದಂತೆ ಮೇಲೆ ಇನ್ನೊಂದು ಉಂಡೆ. ಕೊನೆಗೆ ಕುದುರೆ ಎತ್ತಿ ಕೇಪು ಕೂರಿಸಬೇಕು. ಕೈ ಪಳಗಿದವನಿಗೂ ಇದಕ್ಕೆ ಹೊತ್ತು ಬೇಕು. ಮಳೆಗಾಲದಲ್ಲಂತೂ ಮದ್ದು ಥಂಡಿ ಹಿಡಿಯುತ್ತದೆ, ಕೇಪು ಟಿಕ್ ಎಂದು ಸುಮ್ಮನಾಗುತ್ತದೆ. ಜಡಿಮಳೆಯ ನಮ್ಮ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಹೊತ್ತಿಗಿಂತ ದೊಡ್ಡ ತೊಂದರೆ ಇನ್ನೊಂದಿದೆ. ಒಮ್ಮೆ ಹಾಕಿದ ಈಡನ್ನು ಬದಲಾಯಿಸಲು ಬರುವುದಿಲ್ಲ. ತೋಟೆ ಕೋವಿಯಾದರೆ ಮುರಿದು ಒಂದು ತೋಟೆ ತೆಗೆದು ಇನ್ನೊಂದನ್ನು ಹಾಕಿದರಾಯಿತು. ಕೇಪಿನ ಕೋವಿಯಲ್ಲಿ ಹೊಟ್ಟೆಗೆ ಹೋದದ್ದು ಬೆಂಕಿಯಾಗಿಯೇ ಹೊರಗೆ ಬರಬೇಕು. ಇಲ್ಲವಾದರೆ ಮನೆಗೆ ಬಂದು ಸರಳಿನ ತುದಿಗೆ ತಿರುಪು ಕೂರಿಸಿ ಮೆಲ್ಲಗೆ ಎಳೆದು ತೆಗೆಯಬೇಕು. ಮೊಲಕ್ಕೆ, ಬರಿಂಕಕ್ಕೆ, ಕಾಡುಕೋಳಿಗೆ ಹಾಕುವುದು ಸಣ್ಣ ಚರೆ. ಚದರಿ ಹೋಗುವ ಕಾಳುಗಳಲ್ಲಿ ಎರಡು ಮೂರು ತಾಗಿದರೆ ಸಾಕು. ಆದರೆ ಕಾಡು ಬೇಟೆಗಾರನ ಲೆಕ್ಕದಂತೆ ನಡೆಯುವುದಿಲ್ಲವಲ್ಲ! ಮೊಲವನ್ನು ಹುಡುಕಿಕೊಂಡು ಮುಳ್ಳುಪೊದೆಗೆ ಇಣುಕಿದಾಗ ಅಲ್ಲಿಂದ ಏಳುವುದು ಹಂದಿ. ಅದಕ್ಕೆ ಮೊಲದ ಚರೆ ಹೊಡೆದರೆ ಚರ್ಮದ ಕೆಳಗೆ ನಾಲ್ಕು ಕಾಳು ಸೇರಿ ಅದರ ಸಿಟ್ಟು ಮಾತ್ರ ಹೆಚ್ಚುತ್ತದೆ. ಗಾಯಗೊಂಡ ಹಂದಿ ಎಂದರೇನು ಎಂಬುದು ಕಾರಡ್ಕ, ಅಡೂರು, ಪರಪ್ಪದ ಕಡೆಯ ತೋಟದವರಿಗೆ ನಾನು ಹೇಳಬೇಕಾಗಿಲ್ಲ.

ಅಂಥ ಗಳಿಗೆಗಾಗಿಯೇ ಹಿಂದೆ ಎರಡನೆಯ ಕೋವಿ. ಯಜಮಾನನ ಕೈಯಲ್ಲಿ ಚರೆಯ ಕೋವಿ, ಆಳಿನ ಹೆಗಲಲ್ಲಿ ಗುಂಡಿನ ಕೋವಿ. ಬೇಟೆ ಸಣ್ಣದೇ ಇರಬಹುದು, ಕಾಡು ಮಾತ್ರ ಸಣ್ಣದಲ್ಲ.

ಆದರೆ ಎಲ್ಲರಿಗೂ ಹೀಗೆ ಎರಡು ಕೋವಿ ಬೇಕಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಊರವರು ಒಟ್ಟಾಗಿ ಹೋಗುವ ಬೇಟೆಯಲ್ಲಿ ಪಕ್ಕದವನ ಕೋವಿಯೇ ನನಗೆ ಎರಡನೆಯ ಕೋವಿ. ಒಂದು ತಂಡ ಬೊಬ್ಬೆ ಹಾಕಿ ನಾಯಿ ಬಿಟ್ಟು ಪ್ರಾಣಿಯನ್ನು ಎಬ್ಬಿಸುತ್ತದೆ, ಇನ್ನೊಂದು ತಂಡ ಅದು ದಾಟುವ ಕಂಡಿಗಳಲ್ಲಿ ನಿಲ್ಲುತ್ತದೆ. ಮಲೆನಾಡಿನವರು ಹೀಗೆ ನಿಲ್ಲುವ ಜಾಗಕ್ಕೆ ಬಿಲ್ಲು ಎನ್ನುತ್ತಾರೆ. ಕೈಯಿಂದ ಬಿಲ್ಲು ಹೋಗಿ ಕೋವಿ ಬಂದರೂ ನಿಂತ ನೆಲ ಹಳೆಯ ಹೆಸರನ್ನು ಬಿಡಲಿಲ್ಲ. ನಮ್ಮ ಜಿಲ್ಲೆಯ ತೆಂಕು ಭಾಗದಲ್ಲಿ ತೀಯರ ತರವಾಡುಗಳಲ್ಲಿ ಬಹಳ ವರ್ಷಗಳಿಗೊಮ್ಮೆ ನಡೆಯುವ ವಯನಾಟ್ಟು ಕುಲವನ್ ದೈವಂಕಟ್ಟಿಗೂ ಬೇಟೆಗೂ ಇದ್ದ ನಂಟು ತಿಳಿದದ್ದೇ. ಅಲ್ಲಿ ಬೇಟೆ ಒಬ್ಬನದಲ್ಲ, ದೈವದ ಹೆಸರಿನಲ್ಲಿ ಊರಿನದು. ವನ್ಯಜೀವಿ ಕಾನೂನು ಬಂದ ಮೇಲೆ ಅದಕ್ಕೆ ಅವಕಾಶವಿಲ್ಲ. ಊರಿನ ಬೇಟೆಯಲ್ಲಿ ಕೋವಿಗೊಂದು ಪಾಲು, ನಾಯಿಗೊಂದು ಪಾಲು ಎಂದು ಮಾಂಸ ಹಂಚುವ ಪದ್ಧತಿ ನಮ್ಮ ನೆರೆಯ ಸೀಮೆಗಳಲ್ಲೆಲ್ಲ ಇತ್ತು. ಆಳಿನಿಂದ ಎರಡನೆಯ ಕೋವಿ ಹೊರಿಸಿಕೊಂಡು ಹೋಗುತ್ತಿದ್ದವನು ಒಂಟಿ ಬೇಟೆಗಾರ, ಅಂದರೆ ಹೆಚ್ಚಾಗಿ ಜಮೀನಿನ ಒಡೆಯ, ಇಲ್ಲವೇ ಬಿಳಿ ಸಾಹೇಬ.

ಹಾಗಾದರೆ ಆ ಕೋವಿ ಹೊತ್ತವನ ಪಾಡೇನು? ನನಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ಸಾಹೇಬರು ಬರೆದ ಶಿಕಾರಿ ಪುಸ್ತಕಗಳಲ್ಲಿ ಈತ ಬರುವುದು ಎರಡೇ ಸಂದರ್ಭದಲ್ಲಿ: ಅಲುಗಾಡದೆ ನಿಂತು ಸರಿಯಾದ ಗಳಿಗೆಯಲ್ಲಿ ಕೋವಿ ಚಾಚಿದಾಗ, ಅಥವಾ ಪ್ರಾಣಿ ಎದುರಾದಾಗ ಕೋವಿಯೊಂದಿಗೆ ಓಡಿಹೋದಾಗ. ಮೊದಲನೆಯವನಿಗೆ ಒಂದು ಸಾಲು ಹೊಗಳಿಕೆ, ಎರಡನೆಯವನಿಗೆ ಒಂದು ಪುಟ ಬೈಗುಳ. ಆದರೆ ಆತನ ಸ್ಥಿತಿಯನ್ನು ಒಮ್ಮೆ ಯೋಚಿಸಿ ನೋಡಿ. ಕೈಯಲ್ಲಿ ಈಡು ಹಾಕಿದ ಕೋವಿ ಇದೆ, ಹಾರಿಸುವಂತಿಲ್ಲ. ಹಾರಿಸಿದರೆ ಯಜಮಾನನ ಕೈಗೆ ಬರುವುದು ಬರಿ ನಳಿಗೆ. ಎದುರಿಗೆ ಹಂದಿ ಬಂದರೆ ಅದನ್ನು ಇನ್ನೊಬ್ಬನ ಕೈಗೆ ಕೊಟ್ಟು ತಾನು ಬರಿಗೈಯಲ್ಲಿ ನಿಲ್ಲಬೇಕು. ಜೊತೆಗೆ ಅವನು ಹೊತ್ತ ಕೋವಿಯೇ ಒಂದು ಅಪಾಯ. ಕೇಪಿನ ಕೋವಿಗೆ ಈಗಿನ ತೋಟೆ ಕೋವಿಯಂತೆ ಬೇರೆ ತಡೆಗುಂಡಿಯಿಲ್ಲ. ಕುದುರೆಯನ್ನು ಅರ್ಧಕ್ಕೆ ಎತ್ತಿ ನಿಲ್ಲಿಸುವುದೊಂದೇ ರಕ್ಷಣೆ. ಕಾಡುಬಳ್ಳಿಯೊಂದು ಅದಕ್ಕೆ ಸಿಕ್ಕಿ ಹಿಂದೆ ಎಳೆದು ಬಿಟ್ಟರೆ ಈಡು ಹೋಗಿಯೇ ಹೋಯಿತು. ಮುಂದೆ ನಡೆಯುವವನ ಬೆನ್ನು ಕೋವಿಯ ಬಾಯಿಗೆ ಸರಿಯಾಗಿ ಇರುತ್ತದೆ. ಹೀಗೆ ಏನಾದರೂ ಆದರೆ ತಪ್ಪು ಯಾರ ಮೇಲೆ ಬರುತ್ತಿತ್ತು ಎಂದು ಬಿಡಿಸಿ ಹೇಳಬೇಕೇ?

ಕಾಡಿನ ಭಯವೇ ಇಲ್ಲದ ಕಡೆಗಳಲ್ಲೂ ಎರಡು ಕೋವಿಯ ಬೇಟೆ ಬೆಳೆಯಿತು. ಇಂಗ್ಲೆಂಡಿನ ಶ್ರೀಮಂತರು ಹಕ್ಕಿಗಳನ್ನು ಆಳುಗಳಿಂದ ಎಬ್ಬಿಸಿ, ತಲೆಯ ಮೇಲೆ ಹಾರುವಾಗ ಹೊಡೆಯುವುದನ್ನು ಒಂದು ವಿನೋದವಾಗಿ ಮಾಡಿಕೊಂಡರು. ಹಕ್ಕಿಗಳು ಗುಂಪು ಗುಂಪಾಗಿ ಬರುವಾಗ ತೋಟೆ ತುಂಬಿಸಲು ಪುರಸೊತ್ತಿಲ್ಲ. ಆದ್ದರಿಂದ ಹಿಂದೆ ಒಬ್ಬ ತುಂಬಿಸುವವನು. ಯಜಮಾನ ಬರಿದಾದುದನ್ನು ಹಿಂದಕ್ಕೆ ಚಾಚುತ್ತಾನೆ, ತುಂಬಿದ್ದು ಕೈಗೆ ಬರುತ್ತದೆ. ಲಂಡನ್ನಿನ ಪರ್ಡಿಯಂಥ ತಯಾರಕರು ಇಂಥವರಿಗಾಗಿ ಅವಳಿ ಕೋವಿಗಳನ್ನು ಮಾಡಿ, ಅವುಗಳ ಮೇಲೆ ಚಿನ್ನದಲ್ಲಿ 1, 2 ಎಂದು ಅಂಕೆ ಕೂರಿಸಿ ಕೊಡುತ್ತಿದ್ದರು. ನಮ್ಮ ದೇಶದಲ್ಲಿ ಬಿಕಾನೇರಿನ ಮಹಾರಾಜ ಗಂಗಾಸಿಂಹರು ಗಜನೇರಿನ ಕೆರೆಯ ಬಳಿ ವೈಸರಾಯರಿಗೂ ರಾಜಮನೆತನದವರಿಗೂ ಏರ್ಪಡಿಸುತ್ತಿದ್ದ ಹಕ್ಕಿ ಬೇಟೆಗಳು ಹೆಸರಾಗಿದ್ದವು. ಇಲ್ಲಿ ಎರಡನೆಯ ಕೋವಿ ಜೀವ ಉಳಿಸುವುದಕ್ಕಲ್ಲ, ಲೆಕ್ಕ ಹೆಚ್ಚಿಸುವುದಕ್ಕೆ. ನಮ್ಮ ಗುಡ್ಡೆಯ ಕೋವಿಗೂ ಇದಕ್ಕೂ ಹೋಲಿಕೆ ಸಲ್ಲದು.

ಯಂತ್ರದ ಜಾಣ್ಮೆ ಈ ಎರಡು ಕೋವಿಗಳನ್ನು ಒಂದಾಗಿಸಲು ಬಗೆಬಗೆಯಾಗಿ ಪ್ರಯತ್ನಿಸಿತು. ಜೋಡು ನಳಿಗೆ ಕೋವಿ ಅದರಲ್ಲಿ ಮೊದಲನೆಯದು. ಒಂದು ನಳಿಗೆಗೆ ಚರೆ, ಇನ್ನೊಂದಕ್ಕೆ ಗುಂಡು, ಎರಡಕ್ಕೆ ಎರಡು ಟ್ರಿಗರ್. ಗಾಬರಿಯಲ್ಲಿ ಬೆರಳು ಯಾವುದನ್ನು ಎಳೆಯುತ್ತದೆ ಎಂಬುದು ಬೇರೆ ಮಾತು. ಜರ್ಮನರು ಎರಡು ಚರೆಯ ನಳಿಗೆಯ ಜೊತೆ ಒಂದು ರೈಫಲ್ ನಳಿಗೆಯನ್ನೂ ಬೆಸೆದು ಮೂರು ನಳಿಗೆಯ ಕೋವಿಯನ್ನೇ ಮಾಡಿದರು. ಭಾರತದಲ್ಲಿ ಸೈನ್ಯದಲ್ಲಿದ್ದ ಫಾಸ್ಬರಿ ಎಂಬ ಅಧಿಕಾರಿ 1885ರಲ್ಲಿ ಇನ್ನೊಂದು ಉಪಾಯದ ಹಕ್ಕುಪತ್ರ ಪಡೆದ. ನಳಿಗೆಯ ಉದ್ದಕ್ಕೂ ಒಳಗೆ ನುಣುಪು, ಬಾಯಿಯ ಹತ್ತಿರ ಕೆಲವು ಅಂಗುಲ ಮಾತ್ರ ಸುರುಳಿ ಗೀರು. ಚರೆ ಹಾಕಿದರೆ ಚರೆಯ ಕೋವಿ, ಗುಂಡು ಹಾಕಿದರೆ ಬಹುಮಟ್ಟಿಗೆ ರೈಫಲ್. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪೆನಿ ಅದನ್ನು ಪ್ಯಾರಡಾಕ್ಸ್ ಎಂಬ ಹೆಸರಿನಲ್ಲಿ ಮಾರಿತು. ಗೌಜಲಹಕ್ಕಿ ಹುಡುಕುವಾಗ ಚಿರತೆ ಎದುರಾಗುವಂಥ ನಮ್ಮ ದೇಶದ ಕಾಡುಗಳಿಗೆ ಹೇಳಿ ಮಾಡಿಸಿದ ಕೋವಿ ಅದು. ನಮ್ಮ ಅಡಿಕೆ ಬೆಳೆಗಾರನ ಕೈಗೆ ಎಟಕುವ ಬೆಲೆಯದಲ್ಲ, ಅಷ್ಟೆ. ಅವನ ಮನೆಯ ಚಾವಡಿಯಲ್ಲಿ ಒಂಟಿ ನಳಿಗೆಯ ಕೇಪಿನ ಕೋವಿಯೇ ಉಳಿಯಿತು.

ಇನ್ನು ಸರಕಾರದ ಕತೆ. 1857ರ ದಂಗೆಯ ನಂತರ ಕಂಪೆನಿ ಸರಕಾರವೂ ಅದರ ಹಿಂದೆ ಬಂದ ರಾಣಿಯ ಸರಕಾರವೂ ಜನರ ಕೈಯಿಂದ ಆಯುಧ ಕಸಿಯುವ ಕಾಯಿದೆಗಳನ್ನು ಮಾಡಿದವು. 1878ರಲ್ಲಿ ಲಿಟ್ಟನ್ ವೈಸರಾಯನಾಗಿದ್ದಾಗ ಬಂದ ಆಯುಧ ಕಾಯಿದೆ ದೇಶಕ್ಕೆಲ್ಲ ಲೈಸನ್ಸಿನ ಬೀಗ ಹಾಕಿತು. ಬಿಳಿಯರಿಗೆ ಅದರಿಂದ ವಿನಾಯಿತಿ, ನಮ್ಮವರಿಗೆ ಅರ್ಜಿ. 1930ರಲ್ಲಿ ಗಾಂಧೀಜಿ ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ತೆರಿಗೆಯ ಜೊತೆಗೇ ಆತ್ಮರಕ್ಷಣೆಗೆ ಕೋವಿಯ ಲೈಸನ್ಸ್ ಕೊಡಬೇಕೆಂಬುದೂ ಒಂದಾಗಿತ್ತು. ಅಹಿಂಸೆಯ ಗಾಂಧಿ ಕೋವಿಯ ಪರವಾಗಿ ಮಾತಾಡಿದರೇ ಎಂದು ಈಗ ನಾವು ಹುಬ್ಬೇರಿಸಬಹುದು. ಆಯುಧ ಹಿಡಿಯದಿರುವುದು ಬೇರೆ, ಹಿಡಿಯಬಾರದೆಂದು ಪರರಾಜ್ಯ ಕಟ್ಟು ಮಾಡುವುದು ಬೇರೆ.

ಈ ಬೀಗಕ್ಕೆ ಒಂದು ಹೊರಬಾಗಿಲು ನಮ್ಮ ನೆರೆಯಲ್ಲೇ ಇತ್ತು. 1834ರಲ್ಲಿ ಕೊಡಗಿನ ದೊರೆಯನ್ನು ಇಳಿಸಿ ಬ್ರಿಟಿಷರು ರಾಜ್ಯವನ್ನು ತೆಗೆದುಕೊಂಡರು. ಆ ದೊರೆಯ ಕೈಯಲ್ಲಿದ್ದ ಅಮರಸುಳ್ಯ, ಪುತ್ತೂರಿನ ಸೀಮೆಯನ್ನು ಕನ್ನಡ ಜಿಲ್ಲೆಗೆ ಸೇರಿಸಿದರು. 1837ರಲ್ಲಿ ಅಲ್ಲಿಂದಲೇ ಎದ್ದ ದಂಗೆ ಮಂಗಳೂರಿನವರೆಗೆ ಬಂತು. ಆಗ ತಮ್ಮ ಕಡೆ ನಿಂತ ಕೊಡವರಿಗೆ ಬ್ರಿಟಿಷರು ಪದಕಗಳನ್ನೂ ಕೊಟ್ಟರು. 1861ರ ಫೆಬ್ರವರಿಯಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್, ನಿಶ್ಶಸ್ತ್ರೀಕರಣದ ಕಾಯಿದೆ ಈ ಜನರಿಗೆ ಅನ್ವಯಿಸುವುದಿಲ್ಲವೆಂದು ಪತ್ರ ಹೊರಡಿಸಿದ. ಸ್ವಾತಂತ್ರ್ಯ ಬಂದ ಮೇಲೂ 1963ರ ಕೇಂದ್ರ ಸರಕಾರದ ಆದೇಶದಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಅದನ್ನು ಇನ್ನು ಹತ್ತು ವರ್ಷಕ್ಕೆಂದು ವಿಸ್ತರಿಸಿದರು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸೆಪ್ಟೆಂಬರಿನ ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ, ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಿನ ಮನೆಯಲ್ಲಿ ಜೋಡಿ ಗುಂಡು: ಕೋವಿ ಅಲ್ಲಿ ಕುಟುಂಬದ ಒಂದು ಅಂಗ.

ನಮ್ಮ ವಿಷಯಕ್ಕೆ ಬೇಕಾದ ಮಾತು ಆ ಆದೇಶದ ಒಂದು ಷರತ್ತಿನಲ್ಲಿದೆ. ಈ ವಿನಾಯಿತಿಯವರು ಕೊಡಗಿನಿಂದ ಹೊರಗೆ ವಾಸಿಸುವಾಗ ಅಥವಾ ಪ್ರಯಾಣ ಮಾಡುವಾಗ ಎಷ್ಟು ಆಯುಧ ಇಟ್ಟುಕೊಳ್ಳಬಹುದು? ಒಂದು ರೈಫಲ್, ಅದಕ್ಕೆ 100 ಸುತ್ತು ಗುಂಡು. ಇನ್ನೊಂದು ನುಣುಪು ನಳಿಗೆಯ ಕೋವಿ, ತೋಟೆಯದಾಗಲಿ ಕೇಪಿನದಾಗಲಿ, ಅದಕ್ಕೆ 500 ತೋಟೆ, ಅಥವಾ ಅದಕ್ಕೆ ಸಮನಾದ ಸೀಸದ ಚರೆ ಮತ್ತು ಮದ್ದು. ನೋಡಿ, ದೊಡ್ಡದಕ್ಕೊಂದು, ಸಣ್ಣದಕ್ಕೊಂದು! ಬೇಟೆಗಾರನ ಹಳೆಯ ಲೆಕ್ಕವೇ ಸರಕಾರದ ಕಾಗದದಲ್ಲಿ ಕುಳಿತಿದೆ. ಗುಂಡು 100, ಚರೆಯ ತೋಟೆ 500 ಎಂಬ ಅಂತರವನ್ನೂ ಗಮನಿಸಿ. ಬರೆದವನಿಗೆ ಯಾವುದು ಹೆಚ್ಚು ಖರ್ಚಾಗುತ್ತದೆಂಬುದು ತಿಳಿದಿತ್ತು.

ಪಾಣತ್ತೂರಿನಿಂದ ಬೆಟ್ಟ ಹತ್ತಿದರೆ ಭಾಗಮಂಡಲ. ಕಾಡು ಒಂದೇ, ಪ್ರಾಣಿಗಳೂ ಅವೇ. ಪಯಸ್ವಿನಿ ಹುಟ್ಟುವುದು ಕೊಡಗಿನಲ್ಲಿ, ಚಂದ್ರಗಿರಿಯಾಗಿ ಕಡಲು ಸೇರುವುದು ಕಾಸರಗೋಡಿನಲ್ಲಿ. ಆದರೆ ಕೋವಿಯ ನ್ಯಾಯ ಮೇಲೊಂದು, ಕೆಳಗೊಂದು. ಕೆಳಗಿನವನಿಗೆ ಒಂದೊಂದು ಕೋವಿಗೂ ಕಾಗದ ಬೇಕು. ಆ ಕಾಗದಕ್ಕಾಗಿ ಅವನು ಮೊದಲು ಮಂಗಳೂರಿನ ಕಲೆಕ್ಟರರ ಕಡೆ ನೋಡಿದ, 1956ರ ನವೆಂಬರ್ 1ರ ನಂತರ ಕಣ್ಣೂರಿನ ಕಡೆ, 1984ರ ಮೇ 24ರಂದು ಜಿಲ್ಲೆಯಾದ ಮೇಲೆ ಕಾಸರಗೋಡಿನ ಕಡೆ. ಅರ್ಜಿಯ ಭಾಷೆ ಯಾವುದೆಂಬ ತಕರಾರು ನಮ್ಮವರಿಗೆ ಇದ್ದದ್ದೇ. ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಆಡಳಿತ ಭಾಷಾ ಕಾಯಿದೆ ಇಲ್ಲಿನ ಕನ್ನಡಿಗರಿಗೆ ಕೊಟ್ಟಿದೆ ಎಂಬುದನ್ನು ಈ ನೆವದಲ್ಲಿ ನೆನಪಿಸುತ್ತೇನೆ.

1959ರ ಆಯುಧ ಕಾಯಿದೆ ಜಾರಿಗೆ ಬಂದದ್ದು 1962ರ ಅಕ್ಟೋಬರಿನಲ್ಲಿ. ಬೆಳೆ ರಕ್ಷಣೆಗೆಂದರೆ ಕೇಪಿನ ಕೋವಿ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನದಟ್ಟಾದರೆ ಮಾತ್ರ ನುಣುಪು ನಳಿಗೆಯ ಬೇರೆ ಕೋವಿ. ರಕ್ಷಣೆಗೆ ಅಥವಾ ಬೇಟೆಯ ವಿನೋದಕ್ಕೆಂದರೆ ನಳಿಗೆ 20 ಇಂಚಿಗೆ ಕಡಿಮೆಯಿಲ್ಲದ ಕೋವಿ. ಇದೇ ಕಾಯಿದೆಯ ಮೂರನೆಯ ಕಲಮಿನಲ್ಲಿ, ಹೆಚ್ಚಿನವರ ಕಣ್ಣಿಗೆ ಬೀಳದ ಒಂದು ವಾಕ್ಯವಿದೆ. ಲೈಸನ್ಸ್ ಇಲ್ಲದವನೂ ಲೈಸನ್ಸುದಾರನ ಸಮ್ಮುಖದಲ್ಲಿ ಅಥವಾ ಅವನ ಬರಹದ ಅಪ್ಪಣೆಯಿಂದ, ರಿಪೇರಿಗಾಗಿ, ಲೈಸನ್ಸ್ ನವೀಕರಣಕ್ಕಾಗಿ, ಅಥವಾ ಆ ಲೈಸನ್ಸುದಾರನ ಉಪಯೋಗಕ್ಕಾಗಿ, ಕೋವಿಯನ್ನು ಒಯ್ಯಬಹುದು. ಸಿಕ್ಕಿದನಲ್ಲ ನಮ್ಮ ಮನುಷ್ಯ! ಯಜಮಾನನ ಹಿಂದೆ ನಡೆಯುವ ಆಳು ಕಾನೂನಿನೊಳಗೆ ಬಂದದ್ದು ಹೀಗೆ, ಹೆಸರಿಲ್ಲದೆ, ಒಂದು ವಿನಾಯಿತಿಯ ಬಾಲದಲ್ಲಿ. ಒಯ್ಯಬಹುದು ಎಂದಿದೆ. ಹಾರಿಸುವ ಮಾತನ್ನು ಆ ವಾಕ್ಯ ಎತ್ತುವುದಿಲ್ಲ.

ಸಣ್ಣ ಬೇಟೆ ಎಂಬುದಕ್ಕೂ ಕಾನೂನಿನಲ್ಲಿ ಒಂದು ಕಾಲದಲ್ಲಿ ಜಾಗವಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೊದಲು ಬಂದಾಗ ಬೇಟೆಯನ್ನು ಪೂರ್ತಿ ನಿಲ್ಲಿಸಲಿಲ್ಲ. ದೊಡ್ಡ ಬೇಟೆಯ ಲೈಸನ್ಸ್, ಸಣ್ಣ ಬೇಟೆಯ ಲೈಸನ್ಸ್ ಎಂದು ಬೇರೆ ಬೇರೆ ಇಟ್ಟಿತ್ತು. ಮೊಲ ನಾಲ್ಕನೆಯ ಪಟ್ಟಿಯಲ್ಲಿತ್ತು. ಪಾಪದ ಬರಿಂಕ ಮಾತ್ರ ಹುಲಿಯ ಜೊತೆ ಮೊದಲನೆಯ ಪಟ್ಟಿಯಲ್ಲಿ, ಅಂದರೆ ಮುಟ್ಟಲೇಬಾರದು. 1991ರ ತಿದ್ದುಪಡಿ ಈ ಲೈಸನ್ಸುಗಳನ್ನೆಲ್ಲ ತೆಗೆದುಹಾಕಿತು. ಆಮೇಲೆ ಸಣ್ಣ ಬೇಟೆಯೂ ಇಲ್ಲ, ದೊಡ್ಡ ಬೇಟೆಯೂ ಇಲ್ಲ.

ಬೇಟೆ ಹೋದರೂ ಎರಡನೆಯ ಕೋವಿಯ ಪ್ರಶ್ನೆ ಹೋಗಲಿಲ್ಲ. 1983ರ ತಿದ್ದುಪಡಿಯಲ್ಲಿ ಒಬ್ಬನಿಗೆ ಮೂರಕ್ಕಿಂತ ಹೆಚ್ಚು ಕೋವಿ ಕೂಡದೆಂದು ಮಿತಿ ಹಾಕಿದರು. 2019ರಲ್ಲಿ ಕೇಂದ್ರ ಸರಕಾರ ತಂದ ಮಸೂದೆಯಲ್ಲಿ ಮೂರನ್ನು ಒಂದಕ್ಕೆ ಇಳಿಸುವ ಪ್ರಸ್ತಾಪವಿತ್ತು. ಆಕ್ಷೇಪಗಳು ಬಂದವು, ಕೊನೆಗೆ ಡಿಸೆಂಬರಿನಲ್ಲಿ ಮಸೂದೆ ಪಾಸಾಗುವಾಗ ಒಂದು ಎಂಬುದು ಎರಡಾಯಿತು. ಮೂರನೆಯ ಕೋವಿ ಇದ್ದವರು ಒಂದು ವರ್ಷದೊಳಗೆ ಅದನ್ನು ಪೊಲೀಸು ಠಾಣೆಯಲ್ಲೋ ಲೈಸನ್ಸುಳ್ಳ ವ್ಯಾಪಾರಿಯಲ್ಲೋ ಒಪ್ಪಿಸಬೇಕಾಯಿತು. ಗಜದಿಂದ ಜಡಿಯುವ ಹೊತ್ತು ಸಾಲದೆ ಹುಟ್ಟಿದ ಎರಡನೆಯ ಕೋವಿ, ತೋಟೆ ಬಂದು ಅದರ ಅಗತ್ಯ ಮುಗಿದು ಎಷ್ಟೋ ಕಾಲದ ಮೇಲೆ, ಪಾರ್ಲಿಮೆಂಟಿನಲ್ಲಿ ಹೀಗೆ ಉಳಿದುಕೊಂಡಿತು.

ನಮ್ಮ ತೋಟಗಳಲ್ಲಿ ಈಗ ಕೋವಿಯ ಮಾತು ಏಳುವುದು ಹಂದಿಯಿಂದಾಗಿ. ಮರಗೆಣಸು, ಕೆಸು, ಬಾಳೆ, ಎಳೆ ತೆಂಗು, ಯಾವುದನ್ನೂ ಅದು ಬಿಡುತ್ತಿಲ್ಲ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಉಪದ್ರವ ಕೊಡುವ ಹಂದಿಯನ್ನು ಕೊಲ್ಲಿಸುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಂಥ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟು, ಆಮೇಲೆ ಅದರ ಅವಧಿಯನ್ನು ವಿಸ್ತರಿಸಿತು. ಹೊಡೆಯಬೇಕಾದವರು ಲೈಸನ್ಸುಳ್ಳ ಕೋವಿಯವರು. ವಿಷ, ಸಿಡಿಮದ್ದು, ಕರೆಂಟಿನ ತಂತಿ ಕೂಡದು. ರಾತ್ರಿ ಒಬ್ಬ ಕೋವಿ ಹಿಡಿದರೆ ಟಾರ್ಚು ಹಿಡಿಯಲು ಒಬ್ಬ, ನಾಯಿ ಹಿಡಿಯಲು ಒಬ್ಬ ಬೇಕೇ ಬೇಕು. ಸತ್ತ ಹಂದಿಯಲ್ಲಿ ಕೋವಿಗೂ ಪಾಲಿಲ್ಲ, ನಾಯಿಗೂ ಪಾಲಿಲ್ಲ. ಅದನ್ನು ಗುಂಡಿ ತೋಡಿ ಹೂಳಬೇಕೆಂದು ನಿಯಮ.